ಅರ್ಕಾವತಿ ಸೀಮೆಯಲ್ಲಿ ದೇವರ ಚಿತ್ತ ಅರಸಿದ ಧರ್ಮಸಭೆ

ನಮ್ಮ ಹಳ್ಳಿಗಳ ಕ್ರೈಸ್ತ ಮನೆಗಳಲ್ಲಿ 'ದೇವರ ಚಿತ್ತ' ಎಂಬ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ರಾಗಿ ಬಿತ್ತಿ ಮಳೆ ಕಾಯುವಾಗ, ರೇಷ್ಮೆಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವಾಗ, ಮಗಳಿಗೆ ಗಂಡು ನೋಡಿ ಬಂದಾಗ, ಆಸ್ಪತ್ರೆಯ ಬಾಗಿಲಲ್ಲಿ ಕೂತಾಗ ಹಿರಿಯರ ಬಾಯಿಂದ ಅದು ತಾನಾಗಿ ಬರುತ್ತದೆ. ಒಬ್ಬೊಬ್ಬರೂ ತಮ್ಮ ತಮ್ಮ ಬದುಕಿಗೆ ಹೇಳಿಕೊಳ್ಳುವಾಗ ಆ ಮಾತು ಸಮಾಧಾನ ಕೊಡುತ್ತದೆ. ಆದರೆ ಒಂದು ಧರ್ಮಸಭೆ, ನೂರಾರು ಮನೆಗಳ ಒಂದು ಕೂಟ, ಮುಂದೇನು ಎಂದು ತಿಳಿಯದ ಹೊತ್ತಿನಲ್ಲಿ ದೇವರ ಚಿತ್ತವನ್ನು ಹೇಗೆ ಅರಿಯುತ್ತದೆ? ಯಾರನ್ನು ಕೇಳುತ್ತದೆ? ಈ ಸ್ಮರಣ ಸಂಚಿಕೆಗೆ ನಮ್ಮ ಸೀಮೆಯ ಸಭೆಯ ಚರಿತ್ರೆ ಬರೆಯಲು ಕೂತಾಗ, ಕಟ್ಟಡಗಳ ಪಟ್ಟಿಗಿಂತ ಮುಂಚೆ ಈ ಪ್ರಶ್ನೆಯೇ ಎದುರಿಗೆ ಬಂತು. ಮುನ್ನೂರ ಎಪ್ಪತ್ತೈದು ವರ್ಷಗಳ ಹಾದಿಯನ್ನು ಈ ಪ್ರಶ್ನೆ ಹಿಡಿದೇ ನಡೆದು ನೋಡಿದ್ದೇನೆ.

ಸೀಮೆ ಎಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. 2007ರ ಆಗಸ್ಟ್ 23ರಂದು ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಈ ನಾಲ್ಕು ತಾಲ್ಲೂಕುಗಳು ರಾಮನಗರ ಜಿಲ್ಲೆಯಾದವು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದು ಬದಲಾಯಿತು. 2011ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 10.82 ಲಕ್ಷ ಜನ. ಅವರಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು. ಕಥೋಲಿಕರು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದವರು, ದಕ್ಷಿಣ ಭಾರತ ಸಭೆಯವರು ಕರ್ನಾಟಕ ಮಧ್ಯ ಸಭಾಪ್ರಾಂತ್ಯಕ್ಕೆ. ಎರಡೂ ಮನೆಗಳ ಕಥೆಯನ್ನು ಒಟ್ಟಿಗೆ ಹೇಳುತ್ತೇನೆ, ಏಕೆಂದರೆ ಬರ ಬಂದಾಗ, ರೋಗ ಬಂದಾಗ ಎರಡೂ ಮನೆಯವರು ನಿಂತದ್ದು ಒಂದೇ ನೆಲದ ಮೇಲೆ.

1649–1773: ಶ್ರೀರಂಗಪಟ್ಟಣದ ಕಡೆಯಿಂದ

ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಯೇಸುಸಭೆಯ ಗುರು ಗೋವೆಯಿಂದ ಶ್ರೀರಂಗಪಟ್ಟಣಕ್ಕೆ ಬಂದದ್ದು 1648-49ರ ಸುಮಾರಿಗೆ. ಆಗ ಕಂಠೀರವ ನರಸರಾಜ ಒಡೆಯರ ಆಳ್ವಿಕೆ. ಮೈಸೂರು ಮಿಷನ್ ಎಂದು ಚರಿತ್ರೆಯಲ್ಲಿ ಹೆಸರಾದ ಕನ್ನಡ ನಾಡಿನ ಒಳಸೀಮೆಯ ಕ್ರೈಸ್ತ ಸೇವೆ ಅಲ್ಲಿಂದ ಶುರುವಾಯಿತು. ಚಿನ್ನಾಮಿಗೆ ಮೊದಲು ಎದುರಾದದ್ದು ಭಾಷೆ. ಅವರು ಕನ್ನಡ ಕಲಿತರು. ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕ ಬರೆದರು, ವ್ಯಾಕರಣ ಬರೆದರು, ಶಬ್ದಕೋಶ ಕಟ್ಟಿದರು. ಕಿಟೆಲ್ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ ಎಂದು ನೆನೆದರೆ, ಸುಮಾರು ಎರಡೂವರೆ ಶತಮಾನ ಮುಂಚೆ ಒಬ್ಬ ಪರದೇಶಿ ಗುರು ಕಾವೇರಿ ದಂಡೆಯಲ್ಲಿ ಕೂತು ಕನ್ನಡ ಪದಗಳನ್ನು ಒಂದೊಂದಾಗಿ ಬರೆದಿಟ್ಟುಕೊಳ್ಳುತ್ತಿದ್ದ ಚಿತ್ರ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಈ ಕೆಲಸಕ್ಕೆ ನಮ್ಮ ಸಾಹಿತ್ಯ ಚರಿತ್ರೆಗಳು ಇನ್ನೂ ಸಲ್ಲಬೇಕಾದ ಜಾಗ ಕೊಟ್ಟಿಲ್ಲ ಎಂಬುದು ನನ್ನ ಅನಿಸಿಕೆ.

ಯೇಸುಸಭೆಯ ಗುರುಗಳಿಗೆ ದೇವರ ಚಿತ್ತ ಅರಿಯುವುದು ಅಭ್ಯಾಸದಿಂದ ಬರುವ ವಿದ್ಯೆ. ಅವರ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲ ಇದಕ್ಕೆಂದೇ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಕೈಪಿಡಿ ಬರೆದರು. ಅದಕ್ಕೆ ಜಗದ್ಗುರುಗಳಾದ ಪೋಪರ ಒಪ್ಪಿಗೆ ಸಿಕ್ಕಿದ್ದು 1548ರಲ್ಲಿ. ಮನಸ್ಸಿನೊಳಗೆ ಏಳುವ ಭಾವಗಳಲ್ಲಿ ಯಾವುದು ದೇವರ ಕಡೆ ಎಳೆಯುತ್ತದೆ, ಯಾವುದು ದೂರ ಮಾಡುತ್ತದೆ ಎಂದು ತಾಳ್ಮೆಯಿಂದ ಸೋಸುವುದು ಅದರ ತಿರುಳು. ಮನಸ್ಸು ಕತ್ತಲಲ್ಲಿ ಮುಳುಗಿದ ಹೊತ್ತಿನಲ್ಲಿ, ಬೆಳಕಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬಾರದು ಎಂಬುದು ಅದರ ಒಂದು ಮುಖ್ಯ ಸೂತ್ರ. ಈ ಸೂತ್ರ ನಮ್ಮ ಸೀಮೆಯ ಚರಿತ್ರೆಯುದ್ದಕ್ಕೂ, ಅದನ್ನು ಓದದವರ ಬದುಕಿನಲ್ಲೂ ಮತ್ತೆ ಮತ್ತೆ ಕಾಣಿಸುತ್ತದೆ.

ಶ್ರೀರಂಗಪಟ್ಟಣದ ಸುತ್ತ ಹುಟ್ಟಿದ ವಿಶ್ವಾಸ ಕಾವೇರಿ, ಅರ್ಕಾವತಿಯ ಕಣಿವೆಗಳ ಗುಂಟ ಹಳ್ಳಿಯಿಂದ ಹಳ್ಳಿಗೆ ನಡೆಯಿತು. ಕನಕಪುರ ತಾಲ್ಲೂಕಿನ ಹಾರೋಬೆಲೆ ಆ ಹಳೆಯ ಬೇರಿನ ಊರುಗಳಲ್ಲಿ ಒಂದು. ಇಂದು ಜಲಾಶಯದಿಂದ ಆ ಹೆಸರು ಎಲ್ಲರಿಗೂ ಗೊತ್ತು. ಅದಕ್ಕೂ ಬಹಳ ಮುಂಚಿನಿಂದ ಅದು ಕನ್ನಡ ಕಥೋಲಿಕರ ತವರು. ಮಾತು ಅಚ್ಚ ಹಳ್ಳಿಗನ್ನಡ, ಊಟ ಮುದ್ದೆ-ಸಾರು, ಕೆಲಸ ಹೊಲ-ತೋಟ. ಈ ಊರಿನಿಂದ ಹೊರಟು ಗುರುಗಳಾದವರು, ಕನ್ಯಾಸ್ತ್ರೀಯರಾದವರು ಅನೇಕ.

1773–1799: ಗುರುಗಳಿಲ್ಲದ ವರ್ಷಗಳು

1759ರಲ್ಲಿ ಪೋರ್ಚುಗಲ್ ದೇಶ ತನ್ನ ಆಳ್ವಿಕೆಯ ಪ್ರದೇಶಗಳಿಂದ ಯೇಸುಸಭೆಯವರನ್ನು ಹೊರಹಾಕಿತು. ಗೋವೆಯ ಬಾಗಿಲು ಮುಚ್ಚಿತು. 1773ರಲ್ಲಿ ಆ ಸಭೆಯೇ ರದ್ದಾಯಿತು. ಮೈಸೂರು ಮಿಷನ್ನಿಗೆ ಹೊಸ ಗುರುಗಳು ಬರುವುದು ಬಹುಮಟ್ಟಿಗೆ ನಿಂತುಹೋಯಿತು. ಇದ್ದವರು ವಯಸ್ಸಾದವರು. ಅಲ್ಲಿ ರೋಮಿನಲ್ಲಿ, ಲಿಸ್ಬನ್ನಿನಲ್ಲಿ ನಡೆದ ರಾಜಕೀಯಕ್ಕೆ ಇಲ್ಲಿ ಒಂದು ಮಗುವಿನ ಜ್ಞಾನಸ್ನಾನ ತಡವಾಯಿತು, ಸಾಯುವವರಿಗೆ ಕೊನೆಯ ಸಂಸ್ಕಾರ ಸಿಗಲಿಲ್ಲ.

ಅದರ ಬೆನ್ನಿಗೆ ಯುದ್ಧಗಳು. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಮೈಸೂರು ಸೀಮೆಯ ಕ್ರೈಸ್ತ ಗುಡಿಗಳಿಗೂ ಕೆಟ್ಟ ಕಾಲ ಬಂತು. 1791ರಲ್ಲಿ ಕಾರ್ನ್‌ವಾಲಿಸ್‌ನ ದಂಡು ಶ್ರೀರಂಗಪಟ್ಟಣಕ್ಕೆ ಹೊರಟದ್ದು ಕನಕಪುರದ ದಾರಿಯಾಗಿ. ಆಗ ಅದರ ಹೆಸರು ಕಾನಕಾನಹಳ್ಳಿ. ಅದೇ ವರ್ಷದ ಡಿಸೆಂಬರಿನಲ್ಲಿ ಮಾಗಡಿಯ ಸಾವನದುರ್ಗ, ರಾಮನಗರದ ರಾಮಗಿರಿ ಕೋಟೆಗಳು ಬಿದ್ದವು. 1799ರಲ್ಲಿ ಹ್ಯಾರಿಸ್‌ನ ಸೈನ್ಯವೂ ಕಾನಕಾನಹಳ್ಳಿ ಹಾದು ಮಳವಳ್ಳಿಗೆ ಹೋಯಿತು. ಶತ್ರುಗಳ ಕೈಗೆ ದವಸ ಸಿಗಬಾರದೆಂದು ಕಾನಕಾನಹಳ್ಳಿಯನ್ನು ಎರಡು ಸಲ ಹಾಳುಮಾಡಿಸಲಾಯಿತೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಹಿಂದೂ, ಮುಸಲ್ಮಾನ, ಕ್ರೈಸ್ತ ಎನ್ನದೆ ಎಲ್ಲರ ಕಣಜವೂ ಬೂದಿಯಾದ ಕಾಲ ಅದು. ನಮ್ಮವರ ಕಷ್ಟವನ್ನು ಬರೆಯುವಾಗ ನೆರೆಮನೆಯವರ ಕಷ್ಟವನ್ನು ಬಿಟ್ಟು ಬರೆದರೆ ಅದು ಚರಿತ್ರೆಯಾಗುವುದಿಲ್ಲ.

ಗುರುಗಳಿಲ್ಲದಿದ್ದಾಗ ಸಭೆಯನ್ನು ಹಿಡಿದಿಟ್ಟವರು ಯಾರು? ಉಪದೇಶಿಗಳು, ಊರ ಹಿರಿಯರು, ಮನೆಯ ಅಜ್ಜಿಯರು. ಉಪದೇಶಿ ಎಂದರೆ ಮಕ್ಕಳಿಗೆ ಮಂತ್ರ ಕಲಿಸುವವನು, ಸತ್ತವರ ಮನೆಯಲ್ಲಿ ಜಪ ನಡೆಸುವವನು, ಪ್ರಾಣ ಹೋಗುವ ಹೊತ್ತಿನಲ್ಲಿ ಮಗುವಿಗೆ ಜ್ಞಾನಸ್ನಾನ ಕೊಡಬಲ್ಲವನು. ಅವರಿಗೆ ದೇವರ ಚಿತ್ತ ಏನೆಂದು ದರ್ಶನವಾಗಲಿಲ್ಲ. ಇಪ್ಪತ್ತೈದು ವರ್ಷ ಆಕಾಶ ಸುಮ್ಮನಿತ್ತು. ಅವರು ಸಂಜೆಯಾದಾಗ ದೀಪ ಹಚ್ಚಿ ಜಪಸರ ಹಿಡಿದು ಕೂತರು, ಬೆಳಗಾದಾಗ ಎದ್ದು ಹೊಲಕ್ಕೆ ಹೋದರು. ಅವರ ಹೆಸರುಗಳು ನನಗೆ ಸಿಕ್ಕ ಯಾವ ದಾಖಲೆಯಲ್ಲೂ ಇಲ್ಲ. ಈ ಸೀಮೆಯ ಧರ್ಮಸಭೆಯ ನಿಜವಾದ ಸ್ಥಾಪಕರು ಯಾರೆಂದು ನನ್ನನ್ನು ಕೇಳಿದರೆ ಚಿನ್ನಾಮಿಯವರ ಹೆಸರಿನ ಪಕ್ಕದಲ್ಲೇ ಈ ಹೆಸರಿಲ್ಲದವರನ್ನು ನಿಲ್ಲಿಸುತ್ತೇನೆ.

1799–1823: ದೊಡ್ಡಸ್ವಾಮಿಯ ಸಂದೇಹ

ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿದ ಕ್ರೈಸ್ತರನ್ನು ಕೂಡಿಸಲು ಬಂದವರು ಪ್ಯಾರಿಸ್ ವಿದೇಶಿ ಮಿಷನ್ನಿನ ಗುರು ಅಬ್ಬೆ ದುಬ್ವಾ. ಫ್ರಾನ್ಸಿನ ಕ್ರಾಂತಿಯ ಗದ್ದಲದಲ್ಲಿ, 1792ರಲ್ಲಿ, ಅವರು ಭಾರತಕ್ಕೆ ಬಂದಿಳಿದಿದ್ದರು. ದೇಸಿ ಉಡುಪು ಉಟ್ಟು, ಇಲ್ಲಿಯ ಊಟ ಉಂಡು, ಹಳ್ಳಿಯಿಂದ ಹಳ್ಳಿಗೆ ಅಲೆದ ಅವರನ್ನು ಜನ ದೊಡ್ಡಸ್ವಾಮಿಯವರು ಎಂದು ಕರೆದರು. ಈ ನಾಡಿನ ಆಚಾರ-ವಿಚಾರ ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹ ಕೊಟ್ಟು ಕೊಂಡಿತು. ಅದು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು.

ನಾನು ಇಲ್ಲಿ ನಿಲ್ಲಬಯಸುವುದು ಆ ಪುಸ್ತಕಕ್ಕಾಗಿ ಅಲ್ಲ. ಮೈಸೂರು ಸೀಮೆಯಲ್ಲಿ ಸಿಡುಬು ಮನೆಮನೆ ಹೊಕ್ಕು ಮಕ್ಕಳನ್ನು ಒಯ್ಯುತ್ತಿದ್ದ ಕಾಲ ಅದು. 1803-04ರಲ್ಲಿ ದುಬ್ವಾ ಸಿಡುಬಿನ ಲಸಿಕೆ ಹಾಕಿಸುವ ಕೆಲಸಕ್ಕೆ ಇಳಿದರು. ಅವರ ಮೇಲ್ವಿಚಾರಣೆಯಲ್ಲಿ 25,432 ಜನಕ್ಕೆ ಲಸಿಕೆ ಬಿತ್ತೆಂದು ಲೆಕ್ಕವಿದೆ. ಜೆನ್ನರ್ ಆ ವಿಧಾನವನ್ನು ಜಗತ್ತಿಗೆ ತಿಳಿಸಿ ಆಗಿನ್ನೂ ಐದಾರು ವರ್ಷವಾಗಿತ್ತು. ಹೊಸ ಮದ್ದು, ಪರದೇಶಿ ಕೈ, ಅಮ್ಮನ ಮುನಿಸಿನ ಭಯ. ಇಷ್ಟೆಲ್ಲದರ ನಡುವೆ ಕಾಲು ಲಕ್ಷ ಜನ ತೋಳು ಒಡ್ಡಿದರೆಂದರೆ ಅವರು ಆ ಮನುಷ್ಯನ ಮೇಲೆ ಇಟ್ಟ ನಂಬಿಕೆ ಎಂಥದಿರಬೇಕು.

ಇಷ್ಟು ಮಾಡಿದ ದುಬ್ವಾ ಕೊನೆಗೆ ಏನು ಹೇಳಿದರು ಎಂಬುದನ್ನು ಸ್ಮರಣ ಸಂಚಿಕೆಗಳು ಸಾಮಾನ್ಯವಾಗಿ ಬರೆಯುವುದಿಲ್ಲ. ಮೂವತ್ತೊಂದು ವರ್ಷ ದುಡಿದು 1823ರಲ್ಲಿ ಅವರು ತಾಯ್ನಾಡಿಗೆ ಮರಳಿದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳಲ್ಲಿ, ಈ ದೇಶದಲ್ಲಿ ಕ್ರೈಸ್ತ ಧರ್ಮ ಬೇರೂರುವ ಆಸೆ ತಮಗೆ ಉಳಿದಿಲ್ಲವೆಂದು ಬಿಚ್ಚುಮನಸ್ಸಿನಿಂದ ಬರೆದರು. ಇತರ ಮಿಷನರಿಗಳು ಅದಕ್ಕೆ ಕಟುವಾಗಿ ಉತ್ತರ ಕೊಟ್ಟರು. ಸರಿ ಯಾರದು, ತಪ್ಪು ಯಾರದು ಎಂಬುದು ಪಂಡಿತರ ಚರ್ಚೆ. ನನಗೆ ದೊಡ್ಡದಾಗಿ ಕಾಣುವುದು ದುಬ್ವಾ ಅವರ ಪ್ರಾಮಾಣಿಕತೆ. ತನ್ನ ಕೆಲಸ ಫಲ ಕೊಟ್ಟಿಲ್ಲವೆಂದು ತಿಳಿದೂ ಮೂವತ್ತು ವರ್ಷ ಬಿಡದೆ ದುಡಿದವರು ಅವರು. ಸಂದೇಹ ಅವರೊಳಗೇ ಇತ್ತು, ಲಸಿಕೆಯ ಸೂಜಿ ಕೈಯಲ್ಲಿತ್ತು. ಸಂದೇಹವಿರುವವನು ದೇವರ ಚಿತ್ತ ನಡೆಸಲಾರ ಎಂದು ಯಾರಾದರೂ ಹೇಳಿದರೆ ಈ ಸೀಮೆಯ ಚರಿತ್ರೆ ಅದನ್ನು ಒಪ್ಪುವುದಿಲ್ಲ.

ದುಬ್ವಾ ಹೋದ ಮೇಲೆ ಕಥೋಲಿಕರ ಕಡೆ ಮೈಸೂರು 1850ರಲ್ಲಿ ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಯಿತು, 1886ರಲ್ಲಿ ಧರ್ಮಪ್ರಾಂತ್ಯವಾಯಿತು. ಪ್ರೊಟೆಸ್ಟಂಟ್ ಮಿಷನ್ನುಗಳ ಕನ್ನಡ ಕೆಲಸ ಬೆಂಗಳೂರು, ಗುಬ್ಬಿ, ತುಮಕೂರು, ಮೈಸೂರುಗಳಲ್ಲಿ ಬೆಳೆಯಿತು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ದೀರ್ಘ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ದೇವರ ಚಿತ್ತವನ್ನು ಸ್ವಂತ ಭಾಷೆಯಲ್ಲಿ ಓದಿ ತಿಳಿಯುವ ಅವಕಾಶ ಹಳ್ಳಿಯವರಿಗೆ ಹೀಗೆ ಒದಗಿತು.

1876–1914: ಬರ, ರೈಲು, ರೇಷ್ಮೆ

ಧಾತು ಸಂವತ್ಸರದ ಬರ ಎಂದು ಹಿರಿಯರು ಹೇಳುತ್ತಿದ್ದ 1876–78ರ ಕ್ಷಾಮದಷ್ಟು ಈ ನಾಡನ್ನು ನಡುಗಿಸಿದ್ದು ಬೇರೊಂದಿಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇತ್ತು. 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಎಂಟೂಮುಕ್ಕಾಲು ಲಕ್ಷದಷ್ಟು ಜನ ಕಡಿಮೆಯಾದರು. ಹುಟ್ಟಬೇಕಿದ್ದ ಮಕ್ಕಳನ್ನು ಸೇರಿಸಿದರೆ ನಷ್ಟ ಇನ್ನೂ ದೊಡ್ಡದು.

ಆಗಲೂ ಪ್ರಶ್ನೆ ಎದ್ದಿತು: ಇದು ದೇವರ ಶಿಕ್ಷೆಯೇ? ಪ್ರವಚನಪೀಠದಿಂದ ಸುಲಭದ ಉತ್ತರ ಕೊಡಬಹುದಿತ್ತು. ಆದರೆ ಅನಾಥ ಮಕ್ಕಳು ಬಾಗಿಲಲ್ಲಿ ನಿಂತಿದ್ದಾಗ ಆ ಚರ್ಚೆಗೆ ಸಮಯವಿರಲಿಲ್ಲ. ವೆಸ್ಲಿಯನ್ ಮಿಷನ್ ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ ಅನಾಥಾಲಯ ತೆರೆಯಿತು. ಕಥೋಲಿಕ ಗುರುಗಳೂ ಅನಾಥರನ್ನು ಸೇರಿಸಿ ಸಾಕಿದರು, ನೆಲ ಕೊಟ್ಟು ನೆಲೆ ನಿಲ್ಲಿಸಿದರು. ಅನ್ನ ಕೊಟ್ಟು ಧರ್ಮ ಬದಲಿಸಿದರು ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಕೇಳುತ್ತದೆ. ಆಕ್ಷೇಪವನ್ನು ತಳ್ಳಿಹಾಕದೆ ಕೇಳಿಸಿಕೊಳ್ಳಬೇಕು. ಜೊತೆಗೆ, ಆ ಮಕ್ಕಳು ಬದುಕಿದರು ಎಂಬುದನ್ನೂ ಹೇಳಬೇಕು.

ಬರದ ಕಾಲದಲ್ಲಿ ಕೂಲಿ ಕೊಡಲೆಂದೇ ಶುರುವಾದ ಕೆಲಸಗಳಲ್ಲಿ ಬೆಂಗಳೂರು-ಮೈಸೂರು ರೈಲುದಾರಿ ಒಂದು. ಅದು ರಾಮನಗರ, ಚನ್ನಪಟ್ಟಣಗಳನ್ನು ಹಾದು 1882ರಲ್ಲಿ ಮೈಸೂರು ಮುಟ್ಟಿತು. ಇಂದು ನಾವು ಕೂತು ಹೋಗುವ ಆ ದಾರಿಯ ಏರಿಯ ಮಣ್ಣು ಹೊತ್ತವರು ಹಸಿದ ಜನ. ಆಗ ರಾಮನಗರದ ಹೆಸರು ಕ್ಲೋಸ್‌ಪೇಟೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದ ಹೆಸರದು. ರೈಲು ಬಂದ ಮೇಲೆ ಈ ಪೇಟೆಗಳಲ್ಲಿ ನೌಕರಿಗಾಗಿ, ವ್ಯಾಪಾರಕ್ಕಾಗಿ ಬಂದ ಕ್ರೈಸ್ತ ಕುಟುಂಬಗಳು ನೆಲೆಸಿದವು. ಹಳ್ಳಿಯ ಸಭೆಯ ಪಕ್ಕದಲ್ಲಿ ಪಟ್ಟಣದ ಸಭೆಯೂ ಬೆಳೆಯಿತು.

ರೇಷ್ಮೆಯ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ಜಮ್‌ಶೆಟ್‌ಜಿ ಟಾಟಾ 1896ರಲ್ಲಿ ಬೆಂಗಳೂರಿನಲ್ಲಿ ಜಪಾನಿ ವಿಧಾನದ ರೇಷ್ಮೆ ತೋಟವೊಂದನ್ನು ಶುರುಮಾಡಿದರು. 1910ರಲ್ಲಿ ಅದರ ಆಡಳಿತ ಸಾಲ್ವೇಶನ್ ಆರ್ಮಿಯ ಕೈಗೆ ಬಂತು. ಬಡವರಿಗೆ ಕಸುಬು ಕಲಿಸುವುದೂ ಸುವಾರ್ತೆಯ ಭಾಗವೆಂದು ತಿಳಿದ ಕ್ರೈಸ್ತ ಸಂಘ ಅದು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ಇರುವ ನಮ್ಮ ಜಿಲ್ಲೆಯಲ್ಲಿ ಈ ಸಂಗತಿ ಗೊತ್ತಿರುವವರು ಕಡಿಮೆ. ಹುಳುವಿಗೆ ಸೊಪ್ಪು ಹಾಕುವ ಮನೆಯವರಿಗೆ ಅನಿಶ್ಚಿತತೆಯನ್ನು ಯಾರೂ ಕಲಿಸಬೇಕಿಲ್ಲ. ನಾಲ್ಕು ಜ್ವರ ದಾಟಿದ ಹುಳು ಐದನೆಯ ಹಂತದಲ್ಲಿ ಸುಣ್ಣಕಟ್ಟು ಬಂದು ತಟ್ಟೆಗೆ ತಟ್ಟೆಯೇ ಸಾಯಬಹುದು. ಆದರೂ ಮರುದಿನ ಹೊಸ ಮೊಟ್ಟೆ ತರುತ್ತಾರೆ.

1919–1971: ಒಂದಾಗುವುದು ಯಾರ ಚಿತ್ತ?

ದೇವರ ಚಿತ್ತವನ್ನು ಒಂದು ಸಭೆ ಕೂಡಿ ಕುಳಿತು, ವರ್ಷಗಟ್ಟಲೆ ಚರ್ಚಿಸಿ, ಪ್ರಾರ್ಥಿಸಿ ಕಂಡುಕೊಂಡ ದೊಡ್ಡ ಉದಾಹರಣೆ ದಕ್ಷಿಣ ಭಾರತ ಸಭೆ. 1919ರ ಮೇ ತಿಂಗಳಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ 33 ಜನ ಸೇರಿದ್ದರು. ಇಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಭಾರತೀಯರು. ಹಿಂದಿನ ವರ್ಷವಷ್ಟೇ ಮಹಾಯುದ್ಧ ಮುಗಿದಿತ್ತು. ಇನ್‌ಫ್ಲುಯೆಂಜಾ ಮನೆಮನೆಯಲ್ಲಿ ಹೆಣ ಬೀಳಿಸಿತ್ತು. ಜಲಿಯನ್‌ವಾಲಾ ಬಾಗಿನ ರಕ್ತ ಇನ್ನೂ ಆರಿರಲಿಲ್ಲ. ಇಂಥ ಹೊತ್ತಿನಲ್ಲಿ ಅವರು ಕೇಳಿಕೊಂಡದ್ದು: ಯೂರೋಪಿನ ಜಗಳಗಳಿಂದ ಹುಟ್ಟಿದ ಪಂಗಡಗಳನ್ನು ನಾವೇಕೆ ಹೊತ್ತು ತಿರುಗಬೇಕು?

ಉತ್ತರಕ್ಕೆ 28 ವರ್ಷ ಹಿಡಿಯಿತು. ಆಂಗ್ಲಿಕನ್ನರಿಗೆ ಬಿಷಪರಿದ್ದರು, ಮೆಥೊಡಿಸ್ಟರಿಗೆ ಮತ್ತು ಕಾಂಗ್ರಿಗೇಷನಲ್ ಪಂಥದವರಿಗೆ ಇರಲಿಲ್ಲ. ಅಭಿಷೇಕ ಯಾರು ಕೊಡಬೇಕು, ಯಾರ ಕೈಯಿಂದ ಪ್ರಭುಭೋಜನ ಸ್ವೀಕರಿಸಬಹುದು ಎಂಬ ವಿಷಯಗಳಲ್ಲಿ ಭಿನ್ನಾಭಿಪ್ರಾಯ ಬಂದದ್ದು ಸಹಜ. ಅವುಗಳಲ್ಲಿ ಹಲವನ್ನು ಹಿರಿಯರು ಸಹನೆಯಿಂದ ಬಗೆಹರಿಸಿಕೊಂಡರು. ಯಾವ ಸಭೆಯ ಮೇಲೂ ಅದು ಒಪ್ಪದ ಪಾಲಕರನ್ನು ಹೇರುವುದಿಲ್ಲ ಎಂದು ಮಾತು ಕೊಟ್ಟುಕೊಂಡರು. ಪೂರ್ಣ ಹೊಂದಾಣಿಕೆಗೆ 30 ವರ್ಷದ ಅವಧಿ ಇಟ್ಟುಕೊಂಡರು. ದೇವರ ಚಿತ್ತಕ್ಕೆ ಅವಸರವಿಲ್ಲ ಎಂದು ತಿಳಿದವರು ಮಾತ್ರ ಮೂವತ್ತು ವರ್ಷದ ಅವಧಿ ಹಾಕಿಕೊಳ್ಳಬಲ್ಲರು.

1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರವಾದಾಗ, ಮದ್ರಾಸಿನ ಸಂತ ಜಾರ್ಜ್ ಕೆಥೆಡ್ರಲಿನಲ್ಲಿ ದಕ್ಷಿಣ ಭಾರತ ಸಭೆ ಉದಯವಾಯಿತು. ಉತ್ತರದಲ್ಲಿ ದೇಶ ಒಡೆದು ಜನ ಜನರನ್ನು ಕೊಲ್ಲುತ್ತಿದ್ದ ತಿಂಗಳು ಅದು. ದೇಶ ತುಂಡಾಗುವ ಹೊತ್ತಿನಲ್ಲಿ ಸಭೆ ಕೂಡಿಕೊಂಡಿತು. ಮೈಸೂರು ಸಭಾಪ್ರಾಂತ್ಯದ ಮೊದಲ ಬಿಷಪರಾದವರು ಪಿ. ಗುರುಶಾಂತ. ಅವರ ನಂತರ 1951ರಿಂದ ಎರಡು ದಶಕ ಪ್ರಾಂತ್ಯವನ್ನು ನಡೆಸಿದವರು ನಾರ್ಮನ್ ಸಾರ್ಜೆಂಟ್. ಮಿಷನ್ನುಗಳು ಹೇಗೆ ನಾಡಿನ ಸಭೆಯಾದವು ಎಂಬುದನ್ನೇ ಅವರು ಮುಂದೆ ಪುಸ್ತಕವಾಗಿ ಬರೆದರು. 1970ರ ದಶಕದ ಆರಂಭದಲ್ಲಿ ಮೈಸೂರು ಪ್ರಾಂತ್ಯ ಉತ್ತರ, ಮಧ್ಯ, ದಕ್ಷಿಣ ಎಂದು ಮೂರಾದಾಗ ನಮ್ಮ ತಾಲ್ಲೂಕುಗಳ ಸಭೆಗಳು ಮಧ್ಯ ಪ್ರಾಂತ್ಯಕ್ಕೆ ಬಂದವು.

1940–1990: ಲತೀನಿನಿಂದ ಕನ್ನಡಕ್ಕೆ

ಕಥೋಲಿಕರ ಕಡೆ 1940ರ ಫೆಬ್ರವರಿಯಲ್ಲಿ ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು, 1953ರಲ್ಲಿ ಮಹಾಧರ್ಮಪ್ರಾಂತ್ಯವಾಯಿತು. 1942ರಿಂದ 1968ರವರೆಗೆ ಪೀಠದಲ್ಲಿದ್ದ ಥಾಮಸ್ ಪೋತಕಮುರಿ ಅವರ ಕಾಲದಲ್ಲಿ ಫ್ರೆಂಚ್ ಗುರುಗಳ ಜಾಗಕ್ಕೆ ಈ ನೆಲದ ಗುರುಗಳು ಬಂದರು. ಆ ಬದಲಾವಣೆ ಸದ್ದಿಲ್ಲದೆ ನಡೆಯಿತು.

ದೊಡ್ಡ ಅಲುಗಾಟ ಬಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಿಂದ. 1963ರ ಡಿಸೆಂಬರ್ 4ರಂದು ಆರಾಧನೆಯ ಸಂವಿಧಾನ ಹೊರಬಿದ್ದು, ಜನರ ಭಾಷೆಯಲ್ಲಿ ಪೂಜೆ ನಡೆಸಲು ದಾರಿಯಾಯಿತು. ಅಲ್ಲಿಯವರೆಗೆ ಗುರುಗಳು ಬೆನ್ನು ತಿರುಗಿಸಿ ಲತೀನಿನಲ್ಲಿ ಪೂಜೆ ಮಾಡುತ್ತಿದ್ದರು, ಜನ ಕನ್ನಡದಲ್ಲಿ ಜಪಸರ ಹೇಳಿಕೊಳ್ಳುತ್ತಿದ್ದರು. ದೇವರು ತಮ್ಮ ಮಾತಿನಲ್ಲೇ ಬಲಿಪೀಠದಿಂದ ಮಾತಾಡಿದಾಗ ಹಾರೋಬೆಲೆಯಂಥ ಊರುಗಳ ಮುದುಕರಿಗೆ ಹೇಗನ್ನಿಸಿರಬೇಕು! ಕೆಲವರಿಗೆ ಕಣ್ಣೀರು ಬಂದಿರಬಹುದು, ಕೆಲವರಿಗೆ ಪೂಜೆಯ ಗಾಂಭೀರ್ಯ ಹೋಯಿತೆಂದೂ ಅನಿಸಿರಬಹುದು.

ಹಲವು ಭಾಷೆಗಳ ಬೆಂಗಳೂರಿನಲ್ಲಿ ಯಾವ ಗುಡಿಯಲ್ಲಿ ಯಾವ ಭಾಷೆ ಎಂಬ ವಿಷಯ ಮುಂದಿನ ದಶಕಗಳಲ್ಲಿ ಮನಸ್ತಾಪಕ್ಕೂ ಕಾರಣವಾಯಿತು. ಕನ್ನಡದ ಹಕ್ಕಿಗಾಗಿ ದನಿ ಎತ್ತಿದವರ ಕಾಳಜಿ ನಿಜವಾದದ್ದು. ತಲೆಮಾರುಗಳಿಂದ ಇಲ್ಲಿ ನೆಲೆಸಿದ ತಮಿಳು ಕುಟುಂಬಗಳ ಭಕ್ತಿಯೂ ನಿಜವಾದದ್ದು. ಆ ಗಾಯಗಳು ಬಹುಮಟ್ಟಿಗೆ ಮಾಯುತ್ತಿವೆ. ನಮ್ಮ ನಾಲ್ಕು ತಾಲ್ಲೂಕುಗಳ ಹಳ್ಳಿಗಳು ಆ ದಿನಗಳಲ್ಲಿ ತಮ್ಮ ಕನ್ನಡವನ್ನು ವಾದದಿಂದ ಉಳಿಸಿಕೊಳ್ಳಬೇಕಾಗಿರಲಿಲ್ಲ, ಅದು ಅವರ ಮನೆಮಾತೇ ಆಗಿತ್ತು. ಹಾರೋಬೆಲೆಯಲ್ಲಿ ತಪಸ್ಸಿನ ಕಾಲದಲ್ಲಿ ಊರವರೇ ಬಣ್ಣ ಹಚ್ಚಿ ಆಡುವ, ಶತಮಾನ ದಾಟಿದ ಯೇಸುವಿನ ಪಾಡುಮರಣದ ನಾಟಕವೇ ಇದಕ್ಕೆ ಸಾಕ್ಷಿ. ಪಿಲಾತನೂ ಪೇತ್ರನೂ ಅಲ್ಲಿ ನಮ್ಮ ಕನ್ನಡದಲ್ಲೇ ಮಾತಾಡುತ್ತಾರೆ.

ಭಾಷೆಯಂತೆ ಸೇವೆಯಲ್ಲೂ ಸಭೆ ಈ ಮಣ್ಣಿಗೆ ಸೇರಿದ್ದೇ. ವಿದ್ಯೆ, ಅನ್ನ, ಆರೈಕೆ ದೇವರ ಕೆಲಸವೆಂದು ತಿಳಿದವರು ಕ್ರೈಸ್ತರು ಮಾತ್ರವೇ ಆಗಿರಲಿಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹುಟ್ಟಿದ್ದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ, ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮಿಗಳು ಬಿಡದಿ ಬಳಿಯ ಬಾನಂದೂರಿನಲ್ಲಿ. ಅನ್ನ ದಾಸೋಹ, ಅಕ್ಷರ ದಾಸೋಹ ಎಂಬ ಮಾತು ಈ ಮಣ್ಣಿನಲ್ಲಿ ನಮಗಿಂತ ಹಳೆಯದು. ನಮ್ಮ ಕನ್ಯಾಸ್ತ್ರೀಯರ ಶಾಲೆಗಳು, ದವಾಖಾನೆಗಳು ಆ ದೊಡ್ಡ ದಾಸೋಹದಲ್ಲಿ ಒಂದು ಪಂಕ್ತಿ.

2019–2020: ಕಪಾಲಬೆಟ್ಟ ಮತ್ತು ಮುಚ್ಚಿದ ಬಾಗಿಲು

ಹಾರೋಬೆಲೆಯ ಪಕ್ಕದ ಕಪಾಲಬೆಟ್ಟ ಊರವರಿಗೆ ಶಿಲುಬೆಯ ಹಾದಿ. ಕನ್ನಡ ಬೈಬಲಿನ 'ಕಪಾಲಸ್ಥಳ'ವೇ ಆ ಹೆಸರಿನಲ್ಲಿದೆ. ಶುಭ ಶುಕ್ರವಾರ ಬಿಸಿಲಿನಲ್ಲಿ ಜನ ಆ ಬೆಟ್ಟ ಹತ್ತುತ್ತಾರೆ. 2019ರ ಕ್ರಿಸ್‌ಮಸ್ ದಿನ ಅಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಚಾಲನೆ ಸಿಕ್ಕಿತು. 10 ಎಕರೆ ಜಾಗದ ಪತ್ರವನ್ನು ಕ್ಷೇತ್ರದ ಶಾಸಕ ಡಿ.ಕೆ. ಶಿವಕುಮಾರ್ ಪ್ರತಿಮೆ ಕಟ್ಟುವ ಟ್ರಸ್ಟಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಅದು ರಾಜ್ಯದ ದೊಡ್ಡ ಸುದ್ದಿಯಾಯಿತು. ಬೆಟ್ಟ ಮುನೇಶ್ವರನದು ಎಂದು ವಿರೋಧಿಸುವವರು ಹೇಳಿದರು. 2020ರ ಜನವರಿ 13ರಂದು ಕನಕಪುರದಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು.

ಆ ತಿಂಗಳುಗಳಲ್ಲಿ ಊರಿನ ಮುಂದಿದ್ದ ಪ್ರಶ್ನೆ ಸಣ್ಣದಾಗಿರಲಿಲ್ಲ. ಹಕ್ಕಿಗಾಗಿ ನಿಲ್ಲುವುದು ದೇವರ ಚಿತ್ತವೋ, ನೆರೆಹೊರೆಯ ಸ್ನೇಹಕ್ಕಾಗಿ ಸುಮ್ಮನಾಗುವುದು ದೇವರ ಚಿತ್ತವೋ? ಎರಡೂ ಕಡೆ ಒಳ್ಳೆಯ ಮನಸ್ಸಿನವರೇ ಇದ್ದರು. ನನ್ನ ಅಭಿಪ್ರಾಯ ಹೇಳುವುದಾದರೆ, ಪ್ರತಿಮೆ ಏಳುವುದೋ ಬಿಡುವುದೋ ಕಾನೂನು ತೀರ್ಮಾನಿಸುವ ವಿಷಯ. ಅದಕ್ಕಿಂತ ಮೊದಲಿನಿಂದಲೂ ಆ ಬೆಟ್ಟ ಹತ್ತಿದ ಬರಿಗಾಲುಗಳ ಭಕ್ತಿಗೆ ಪ್ರತಿಮೆಯ ಎತ್ತರ ಬೇಕಾಗಿರಲಿಲ್ಲ. ಗದ್ದಲದ ದಿನಗಳಲ್ಲಿ ಹಾರೋಬೆಲೆಯ ಜನ ಕಲ್ಲು ಎತ್ತಲಿಲ್ಲ, ಕೆಟ್ಟ ಮಾತಾಡಲಿಲ್ಲ. ಈ ಸೀಮೆಯ ಧರ್ಮಸಭೆಯ ಮೈಲಿಗಲ್ಲುಗಳಲ್ಲಿ ನಾನು ಅದನ್ನು ಮೊದಲಿಗೆ ಬರೆಯುತ್ತೇನೆ.

ಆ ವಾದ ತಣಿಯುವ ಮುನ್ನವೇ ಕೊರೋನಾ ಬಂತು. 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ಬೀಗ ಬಿತ್ತು. ಏಪ್ರಿಲ್ 10ರ ಶುಭ ಶುಕ್ರವಾರ ಯಾರೂ ಬೆಟ್ಟ ಹತ್ತುವಂತಿರಲಿಲ್ಲ. ಏಪ್ರಿಲ್ 12ರ ಪಾಸ್ಖ ಹಬ್ಬದಂದು ಗುಡಿಗಳ ಬಾಗಿಲು ಮುಚ್ಚಿತ್ತು. ಅದಕ್ಕೆ ಎರಡು ವಾರ ಮುಂಚೆ, ಮಾರ್ಚ್ 27ರ ಸಂಜೆ, ರೋಮಿನ ಖಾಲಿ ಚೌಕದಲ್ಲಿ ಮಳೆಯಲ್ಲಿ ಜಗದ್ಗುರು ಫ್ರಾನ್ಸಿಸ್ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನು ನಮ್ಮ ಹಳ್ಳಿಯವರೂ ಮೊಬೈಲಿನಲ್ಲಿ ನೋಡಿದ್ದರು. ಗುರುಗಳು ಖಾಲಿ ಗುಡಿಯಲ್ಲಿ ಪೂಜೆ ಮಾಡಿದರು, ಮನೆಯವರು ಫೋನನ್ನು ಗೋಡೆಗೆ ಆನಿಸಿಟ್ಟು ಅದರ ಮುಂದೆ ಮೊಣಕಾಲೂರಿದರು.

ಗೂಡು ಮಾರಲಾಗದ ರೈತರು, ಬಣ್ಣದ ಗೊಂಬೆ ಮಾಡಿಟ್ಟು ಕೊಳ್ಳುವವರಿಲ್ಲದ ಚನ್ನಪಟ್ಟಣದ ಕುಶಲಕರ್ಮಿಗಳು, ಬಿಡದಿಯ ಕಾರ್ಖಾನೆಗಳಿಂದ ನಡೆದು ಹೊರಟ ವಲಸೆ ಕಾರ್ಮಿಕರು. ಅಕ್ಕಿ, ಬೇಳೆ ಹಂಚಲು ಎಲ್ಲ ಧರ್ಮದವರೂ ಹೊರಟರು, ನಮ್ಮವರೂ ಅವರೊಡನಿದ್ದರು. ದೇವರು ಇದನ್ನೇಕೆ ಬರಮಾಡಿದ ಎಂದು ಕೇಳುವವರಿಗೆ ಒಂದೇ ಉತ್ತರ ಇರಲಿಲ್ಲ. ಇನ್ನೂರು ವರ್ಷದ ಹಿಂದೆ ಇದೇ ಮೈಸೂರು ಸೀಮೆಯಲ್ಲಿ ಲಸಿಕೆಯ ಪೆಟ್ಟಿಗೆ ಹಿಡಿದು ಅಲೆದ ದೊಡ್ಡಸ್ವಾಮಿಯವರು 2021ರ ಲಸಿಕೆಯ ಸಾಲುಗಳನ್ನು ನೋಡಿದ್ದರೆ ಏನೆನ್ನುತ್ತಿದ್ದರು ಎಂದು ನಾನು ಯೋಚಿಸಿದ್ದುಂಟು. ಲಸಿಕೆಗೆ ಹೆದರುವವರನ್ನು ಒಪ್ಪಿಸಲು ಗುರುಗಳು, ಪಾಲಕರು, ಮೌಲ್ವಿಗಳು, ಸ್ವಾಮಿಗಳು ಎಲ್ಲರೂ ಬೇಕಾದರು.

2021–2024: ಕೇಳಿಸಿಕೊಳ್ಳುವ ಸಭೆ

2021ರ ಅಕ್ಟೋಬರಿನಲ್ಲಿ ಫ್ರಾನ್ಸಿಸರು ಶುರುಮಾಡಿದ ಸಿನೋದು ನಮ್ಮ ಧರ್ಮಕೇಂದ್ರಗಳವರೆಗೂ ಬಂತು. ಮೇಲಿನಿಂದ ಆಜ್ಞೆ ಇಳಿಯುವುದಕ್ಕೆ ಬದಲು, ಪ್ರತಿ ಧರ್ಮಕೇಂದ್ರದಲ್ಲೂ ಜನ ಸುತ್ತ ಕೂತು ಮಾತಾಡಬೇಕು, ಉಳಿದವರು ಕೇಳಿಸಿಕೊಳ್ಳಬೇಕು ಎಂಬುದು ಅದರ ಕ್ರಮ. ಒಬ್ಬರು ಮಾತಾಡಿದ ಮೇಲೆ ಸ್ವಲ್ಪ ಹೊತ್ತು ಮೌನ. ಹಳ್ಳಿಯ ಸಭೆಗಳಲ್ಲಿ ಎಂದೂ ಬಾಯಿ ತೆರೆಯದ ಹೆಂಗಸರಿಗೂ ಸರದಿ ಬರುವಂತೆ ಈ ಕ್ರಮ ಹಾಕಿದ್ದು. 2024ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಅದರ ಕೊನೆಯ ಅಧಿವೇಶನ ಮುಗಿಯಿತು. ಯುವಕರು ಕೆಲಸಕ್ಕೆ ಬೆಂಗಳೂರಿಗೆ ಹೊರಟು ಹಳ್ಳಿಯ ಗುಡಿಯ ಬೆಂಚುಗಳು ಖಾಲಿಯಾಗುತ್ತಿರುವುದು, ಹೊಲಗಳು ಸೈಟುಗಳಾಗುತ್ತಿರುವುದು, ಮಕ್ಕಳು ಕನ್ನಡದ ಪ್ರಾರ್ಥನೆ ಮರೆಯುತ್ತಿರುವುದು ಇಂದಿನ ನಮ್ಮ ಚಿಂತೆಗಳು. ಇವಕ್ಕೆ ರೋಮಿನಿಂದಾಗಲಿ ಬೆಂಗಳೂರಿನಿಂದಾಗಲಿ ಸಿದ್ಧ ಉತ್ತರ ಬರುವುದಿಲ್ಲ. ಹಿಂದೆಯೂ ಬಂದಿರಲಿಲ್ಲ.

ಓದುಗರಲ್ಲಿ ಒಂದು ಬಿನ್ನಹ. ಈ ಲೇಖನಕ್ಕೆ ಸಾಮಗ್ರಿ ಹುಡುಕುವಾಗ ಪರದೇಶಿ ಗುರುಗಳ ಹೆಸರು, ತಾರೀಖು ಸುಲಭವಾಗಿ ಸಿಕ್ಕವು, ನಮ್ಮ ಉಪದೇಶಿಗಳ ಹೆಸರು ಸಿಗಲಿಲ್ಲ. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಅಜ್ಜನ ಕೈಬರಹದ ಜಪಪುಸ್ತಕ, ಪಾಡುಮರಣ ನಾಟಕದ ಹಳೆಯ ಪ್ರತಿ, ಮದುವೆಯ ಅಥವಾ ಗುಡಿ ಕಟ್ಟಿದ ದಿನದ ಫೋಟೋ ಇದ್ದರೆ ಅದನ್ನು ನಿಮ್ಮ ಧರ್ಮಕೇಂದ್ರಕ್ಕೆ ಅಥವಾ ಸಭೆಯ ಕಚೇರಿಗೆ ತಂದು ತೋರಿಸಿ, ಪ್ರತಿ ತೆಗೆಸಿ ಮೂಲವನ್ನು ವಾಪಸ್ ಒಯ್ಯಿರಿ. ಎಂಬತ್ತು ದಾಟಿದ ಹಿರಿಯರಿದ್ದರೆ ಈ ವಾರವೇ ಅವರ ಪಕ್ಕದಲ್ಲಿ ಕೂತು, ಬರದ ಕಥೆ, ಪ್ಲೇಗಿನ ಕಥೆ, ಊರಿಗೆ ಗುರುಗಳು ಬಾರದಿದ್ದಾಗ ಯಾರು ಜಪ ನಡೆಸುತ್ತಿದ್ದರೆಂಬ ಕಥೆ ಕೇಳಿ ಬರೆದಿಡಿ. 2020ರಲ್ಲಿ ನಿಮ್ಮ ಊರಿನಲ್ಲಿ ಯಾರು ಯಾರ ಮನೆಗೆ ಅಕ್ಕಿ ಕೊಟ್ಟರು ಎಂಬುದನ್ನೂ ಈಗಲೇ ಬರೆದಿಡಿ.